ಜೇಬಿನಲ್ಲಿ ಪೆನ್ಸಿಲ್ ಇಲ್ಲದ ಡ್ರಾಯಿಂಗ್ ಮಾಸ್ಟರ್

ನನ್ನ ಜೇಬಿನಲ್ಲಿ ಪೆನ್ಸಿಲ್ ಇರುವುದಿಲ್ಲ ಎಂಬುದು ನಮ್ಮ ಸ್ಟಾಫ್ ರೂಮಿನಲ್ಲಿ ಹಳೆಯ ತಮಾಷೆ. ಹಾಜರಿ ಹಾಕಲು ಪೆನ್ನಿದೆ, ಬೋರ್ಡಿಗೆ ಸೀಮೆಸುಣ್ಣವಿದೆ. ಪೆನ್ಸಿಲ್ ಮಾತ್ರ ತರಗತಿಗೆ ಒಯ್ಯುವುದಿಲ್ಲ. ಬಿಟ್ಟು ಹದಿಮೂರು ವರ್ಷವಾಯಿತು. ಬಿಡಿಸಿದವನು ಎಂಟನೆಯ ತರಗತಿಯ ಒಬ್ಬ ಹುಡುಗ.

ನಮ್ಮದು ಮುಂಬಯಿಯ ಉಪನಗರದ ಒಂದು ಕನ್ನಡ ಮಾಧ್ಯಮ ಹೈಸ್ಕೂಲು. ನಾನು ಕೆಲಸಕ್ಕೆ ಸೇರಿದಾಗ ಬೆಂಚಿನ ಮೇಲೆ ಕೂತವರಲ್ಲಿ ಅರ್ಧದಷ್ಟು ಹೋಟೆಲಿನವರ ಮಕ್ಕಳು, ನಮ್ಮ ಉಡುಪಿ ಕಡೆಯವರೇ. ಅವರ ತಮ್ಮ ತಂಗಿಯರೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ಹೋದರು. ಈಗ ಇರುವವರಲ್ಲಿ ಹೆಚ್ಚಿನವರು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ನನ್ನ ಕರಾವಳಿ ಕನ್ನಡ ಕೇಳಿದರೆ ಅವರಿಗೆ ಪುಸ್ತಕ ಓದಿದ ಹಾಗೆ ಅನಿಸುತ್ತದಂತೆ. ಅವರ ಮಾತು ನನಗೆ ಪೂರ್ತಿ ತಿಳಿಯಲು ಒಂದು ವರ್ಷ ಹಿಡಿಯಿತು. ಚಿತ್ರಕಲೆಗೆ ವಾರಕ್ಕೆ ಎರಡು ಪೀರಿಯಡ್. ಗಣಿತದವರು ಕೇಳಿದರೆ ಅದರಲ್ಲೂ ಒಂದು ಹೋಯಿತು ಅಂತಲೇ ಲೆಕ್ಕ.

ಆ ವರ್ಷ ಒಂದು ಸಂಘದವರು ಅಂತರಶಾಲಾ ಚಿತ್ರಸ್ಪರ್ಧೆ ಇಟ್ಟಿದ್ದರು. ವಿಷಯ ಊರ ಜಾತ್ರೆ. ಶಾಲೆಯಲ್ಲೇ ಬಿಡಿಸಿ ಕಳಿಸಬೇಕು. ಈ ಹುಡುಗ ತೇರು ಬಿಡಿಸಿದ್ದ. ತೇರು ಒಂದು ಕಡೆಗೆ ವಾಲಿತ್ತು, ಗಾಲಿಗಳು ಮೊಟ್ಟೆಯ ಹಾಗಿದ್ದವು, ಹಗ್ಗ ಎಳೆಯುವವರು ಗಾಳಿಯಲ್ಲಿ ತೇಲುತ್ತಿದ್ದರು. ಆದರೆ ತೇರಿನ ಕೆಳಗೆ ಒಬ್ಬ ಮುದುಕ ಗಾಲಿಗೆ ಮರದ ತುಂಡು ಅಡ್ಡ ಕೊಡುತ್ತಿದ್ದ. ಅದನ್ನು ಕಣ್ಣಾರೆ ಕಂಡವರಷ್ಟೇ ಬಿಡಿಸಬಲ್ಲರು. ನಾನೇನು ಮಾಡಿದೆ? ಕಳಿಸುವ ಅವಸರದಲ್ಲಿ ಅವನ ಪಕ್ಕ ಕೂತು ಎರಡು ನಿಮಿಷದಲ್ಲಿ ಗಾಲಿ ಸರಿ ಮಾಡಿದೆ, ತೇರು ನೆಟ್ಟಗೆ ನಿಲ್ಲಿಸಿದೆ. ಕೈ ಬಿಸಿಯಾಗಿತ್ತು, ನಾಲ್ಕು ಮುಖವನ್ನೂ ತಿದ್ದಿದೆ. ಜಾಗ ಸಾಲದೆ ಮುದುಕನನ್ನು ಅಳಿಸಿದೆ.

ಮೊದಲ ಬಹುಮಾನ ಬಂತು. ಮರುದಿನ ಹುಡುಗ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಸುತ್ತಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟ. "ಸರ, ಇದು ನಿಮ್ದು. ನನ್ನ ಹೆಸರು ಬರ್ದಾರ ತಪ್ಪಿ" ಎಂದ. ಸಿಟ್ಟಿಲ್ಲ, ಚುಚ್ಚುಮಾತೂ ಅಲ್ಲ. ಅಂಗಡಿಯವನು ಹೆಚ್ಚು ಚಿಲ್ಲರೆ ಕೊಟ್ಟರೆ ವಾಪಸು ಕೊಡುತ್ತೇವಲ್ಲ, ಹಾಗೆ.

ಅಂದಿನಿಂದ ಮಕ್ಕಳ ಹಾಳೆಗೆ ಕೈ ಹಾಕುವುದನ್ನು ನಿಲ್ಲಿಸಿದೆ. ನಿಲ್ಲಿಸಿದ ಮೇಲೆ ತಿಳಿಯಿತು, ಅಷ್ಟು ವರ್ಷ ನಾನು ಕಲಿಸಿಯೇ ಇರಲಿಲ್ಲ, ಬರೀ ತಿದ್ದಿದ್ದೆ.

ಮಹಾರಾಷ್ಟ್ರದಲ್ಲಿ ಡ್ರಾಯಿಂಗ್ ಮಾಸ್ಟರಿಗೆ ತಪ್ಪಿಸಿಕೊಳ್ಳಲಾಗದ ಒಂದು ಸಂಗತಿಯಿದೆ, ಸರಕಾರದ ಕಲಾ ವಿಭಾಗ ನಡೆಸುವ ಎಲಿಮೆಂಟರಿ ಮತ್ತು ಇಂಟರ್ಮೀಡಿಯೆಟ್ ಗ್ರೇಡ್ ಪರೀಕ್ಷೆ. ವಸ್ತುಚಿತ್ರ, ಸ್ಮರಣಚಿತ್ರ, ನಕ್ಷೆಯ ಡಿಸೈನ್, ಭೂಮಿತಿ (ರೇಖಾಗಣಿತ) ಮತ್ತು ಅಕ್ಷರಲೇಖನ ಎಂದು ಬೇರೆ ಬೇರೆ ಪೇಪರು. ಇಂಟರ್ಮೀಡಿಯೆಟ್‌ನಲ್ಲಿ ಎ ಗ್ರೇಡ್ ಬಂದರೆ ಹತ್ತನೆಯ ತರಗತಿಯ ಎಸ್‌ಎಸ್‌ಸಿ ಪರೀಕ್ಷೆಯಲ್ಲಿ 7 ಅಂಕ, ಬಿಗೆ 5, ಸಿಗೆ 3 ಹೆಚ್ಚುವರಿ ಸಿಗುತ್ತದೆ. ಈ ಅಂಕಗಳ ಮಾತೆತ್ತದೆ ಒಬ್ಬ ಪೋಷಕರನ್ನೂ ಒಪ್ಪಿಸಲಾಗುವುದಿಲ್ಲ. ನನಗೆ ಅದರಲ್ಲಿ ಸಂಕೋಚವೂ ಇಲ್ಲ. ಬಣ್ಣದ ಡಬ್ಬಿ ಕೊಳ್ಳಲು ಅಪ್ಪನಿಗೆ ಒಂದು ಕಾರಣ ಬೇಕಲ್ಲ.

ಮೊದಲು ಸಿಕ್ಕಿಬಿದ್ದದ್ದು ವಸ್ತುಚಿತ್ರದಲ್ಲಿ. ಮೇಜಿನ ಮೇಲೆ ಒಂದು ಸ್ಟೀಲ್ ಲೋಟ, ಒಂದು ಚೊಂಬು, ಎರಡು ಬದನೆಕಾಯಿ ಇಟ್ಟೆ. ಲೋಟದ ಬಾಯನ್ನು ಎಲ್ಲರೂ ದುಂಡಗೆ ಬಿಡಿಸಿದರು, ಬುಡಕ್ಕೆ ಎಲ್ಲರೂ ಸ್ಕೇಲ್ ಇಟ್ಟು ಗೆರೆ ಎಳೆದರು. ಮೊದಲಾಗಿದ್ದರೆ ಬಗ್ಗಿ ಕಮಾನು ಹಾಕಿ ಮುಂದೆ ಹೋಗುತ್ತಿದ್ದೆ. ಈಗ ಕೇಳಿದೆ, "ಬುಡ ಯಾಕೋ ಹೀಗೆ?" ಒಬ್ಬಳು ಎದ್ದು, "ಬುಡ ಸಪಾಟ ಅದಲ್ರಿ ಸರ, ದುಂಡಗ ಇದ್ರ ಲೋಟ ಉರುಳ್ತದ" ಎಂದಳು. ನ್ಯಾಯವಾದ ಮಾತು. ಅವಳು ಬಿಡಿಸಿದ್ದು ತನಗೆ ಗೊತ್ತಿದ್ದ ಲೋಟವನ್ನು, ಕಾಣುತ್ತಿದ್ದ ಲೋಟವನ್ನಲ್ಲ.

ಮರುದಿನ ಗೇಟಿನ ಎದುರಿನ ಟಪರಿಯಿಂದ, ಅಂದರೆ ಚಹಾದ ಗೂಡಂಗಡಿಯಿಂದ, ಕಟಿಂಗ್ ಚಹಾದ ಗಾಜಿನ ಗ್ಲಾಸು ತಂದೆ. ಅದಕ್ಕೆ ಬುಡದಲ್ಲೊಂದು, ನಡುವೆ ಒಂದು, ಬಾಯಿಯ ಹತ್ತಿರ ಒಂದು ರಬ್ಬರ್ ಬ್ಯಾಂಡ್ ಹಾಕಿದೆ. ಒಬ್ಬೊಬ್ಬರನ್ನೇ ಕರೆದು, ಒಂದು ಕಣ್ಣು ಮುಚ್ಚಿಸಿ, ಗ್ಲಾಸನ್ನು ನಿಧಾನವಾಗಿ ಮೇಲೆತ್ತಿದೆ. ಬಾಯಿ ಕಣ್ಣಿನ ಮಟ್ಟಕ್ಕೆ ಬಂದಾಗ ಅಲ್ಲಿನ ರಬ್ಬರ್ ಬ್ಯಾಂಡ್ ಒಂದು ಗೆರೆಯಾಗುತ್ತದೆ. ನಡುವಿನದು ತೆಳ್ಳಗಿನ ಸೌತೆಹೋಳು. ಬುಡದ್ದು ಎಲ್ಲಕ್ಕಿಂತ ದುಂಡು. ಕಣ್ಣಿನಿಂದ ಕೆಳಗಿಳಿದಷ್ಟೂ ಬಾಯಿ ಅಗಲುತ್ತದೆ, ಅಷ್ಟೇ ಸೂತ್ರ. ಅದನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೆನೋ! ಲೋಟ ಉರುಳುತ್ತದೆ ಎಂದಿದ್ದವಳು ಗ್ಲಾಸನ್ನು ತಾನೇ ಕೈಗೆ ತೆಗೆದುಕೊಂಡು ಐದಾರು ಸಲ ಏರಿಸಿ ಇಳಿಸಿದಳು. ಆ ಪೀರಿಯಡ್‌ನಲ್ಲಿ ಯಾರೂ ಏನೂ ಬಿಡಿಸಲಿಲ್ಲ.

ಸ್ಟೀಲಿನ ಹೊಳಪು ಇನ್ನೊಂದು ತಲೆನೋವು. ಮಕ್ಕಳು ಬೂದು ಬಣ್ಣ ಬಳಿದು ಮೇಲೆ ಬಿಳಿ ಪಟ್ಟಿ ಎಳೆಯುತ್ತಾರೆ, ಅದು ಸಿಮೆಂಟಿನ ಲೋಟವಾಗುತ್ತದೆ. ಸ್ಟೀಲಿಗೆ ಸ್ವಂತ ಬಣ್ಣವೇ ಇಲ್ಲ, ಪಕ್ಕದಲ್ಲಿ ಇದ್ದದ್ದನ್ನೆಲ್ಲ ಕದ್ದಿರುತ್ತದೆ ಎಂದು ಹೇಳಿದೆ. ಕಣ್ಣು ಕಿರಿದು ಮಾಡಿ ಏನೇನು ಕದ್ದಿದೆ ಪಟ್ಟಿ ಮಾಡಿ ಎಂದೆ. ಬದನೆಕಾಯಿಯ ನೇರಳೆ, ಕಿಟಕಿ, ಯಾರದೋ ಯೂನಿಫಾರ್ಮಿನ ನೀಲಿ, ಒಬ್ಬನಿಗೆ ತನ್ನದೇ ಮೂಗು. ಪಟ್ಟಿ ಮಾಡಿದ ಮೇಲೆ ಬಣ್ಣ ತಾನಾಗಿ ಬಂತು. ಹೊಳಪಿಗೆ ಬಿಳಿ ಬಳಿಯಬೇಡಿ, ಹಾಳೆಯನ್ನೇ ಬಿಡಿ, ಅದರ ಪಕ್ಕದಲ್ಲೇ ಅತಿ ಗಾಢವಾದದ್ದನ್ನು ಇಡಿ, ಇಷ್ಟು ಮಾತ್ರ ಬಾಯಿಯಲ್ಲಿ ಹೇಳಿಕೊಟ್ಟದ್ದು. ತೋರಿಸಲೇಬೇಕಾದರೆ ಬೋರ್ಡಿನ ಮೇಲೆ ತೋರಿಸಿ ತಕ್ಷಣ ಒರೆಸುತ್ತೇನೆ. ಉಳಿಸಿದರೆ ಅದನ್ನೇ ನಕಲು ಮಾಡುತ್ತಾರೆ.

ಕೈ ಕಟ್ಟಿಕೊಂಡ ಮೊದಲ ವರ್ಷ ಫಲಿತಾಂಶ ಬಿದ್ದಿತು. ಹನ್ನೊಂದು ಮಕ್ಕಳು ಕೂತಿದ್ದರು, ಒಂದೂ ಎ ಇಲ್ಲ, ಮೂವರು ಫೇಲು. ನನಗೂ ಹೆದರಿಕೆಯಾಯಿತು. ಆದರೆ ಪರೀಕ್ಷಾ ಕೇಂದ್ರದಲ್ಲಿ ನಾನು ಪಕ್ಕ ಕೂರುವುದಿಲ್ಲವಲ್ಲ, ಹಿಂದಿನ ವರ್ಷಗಳಲ್ಲೂ ನಮಗೆ ಎ ಬರುತ್ತಿದ್ದದ್ದು ಅಷ್ಟರಲ್ಲೇ ಇತ್ತು. ಶಾಲೆಯ ಗೋಡೆಯ ಮೇಲಿನ ಚಿತ್ರಗಳು ಮಾತ್ರ ಆಗ ಚೆಂದವಾಗಿದ್ದವು.

ಎರಡನೆಯ ವರ್ಷ ಮಕ್ಕಳನ್ನು ವಿ.ಟಿ.ಗೆ, ಅಂದರೆ ಹಳೆಯ ವಿಕ್ಟೋರಿಯಾ ಟರ್ಮಿನಸ್ ರೈಲು ನಿಲ್ದಾಣಕ್ಕೆ, ಕರೆದುಕೊಂಡು ಹೋದೆ. ಹೆಸರು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಆದರೂ ಬಾಯಿಗೆ ಬರುವುದು ವಿ.ಟಿ.ಯೇ. ಕೆಲವು ಮಕ್ಕಳು ಹುಟ್ಟಿದಾಗಿನಿಂದ ಮುಂಬಯಿಯಲ್ಲಿದ್ದರೂ ಉಪನಗರ ದಾಟಿರಲಿಲ್ಲ. ಸ್ಟೇಷನ್ನಿನ ಹೊರಗೆ ನಿಂತು, ಮೇಲೆ ನೋಡಿ ಎಂದೆ. ಕಂಬದ ತಲೆಯಲ್ಲಿ ಎಲೆ ಬಳ್ಳಿ, ಕಮಾನಿನ ಮೂಲೆಯಲ್ಲಿ ನವಿಲು, ಗೋಡೆಯಿಂದ ಇಣುಕುವ ಪ್ರಾಣಿಗಳು. ಕಟ್ಟಡದ ನಕ್ಷೆ ಎಫ್. ಡಬ್ಲ್ಯೂ. ಸ್ಟೀವನ್ಸ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿಯದು. ಆದರೆ ಈ ಅಲಂಕಾರದ ಬಹುಪಾಲು ಹತ್ತಿರದಲ್ಲೇ ಇರುವ ಜೆ. ಜೆ. ಕಲಾಶಾಲೆಯ ವಿದ್ಯಾರ್ಥಿಗಳು ಮಾಡಿದ್ದು. ಜಾನ್ ಗ್ರಿಫಿತ್ಸ್ ಎಂಬ ಮೇಷ್ಟರು ಮಾಡಿಸಿದ್ದು. ಅದೇ ಗ್ರಿಫಿತ್ಸ್ 1872ರಿಂದ ವಿದ್ಯಾರ್ಥಿಗಳನ್ನು ಕರೆದುಕೊಂಡು ಅಜಂತಾ ಗುಹೆಗಳಿಗೆ ಹೋಗಿ ಭಿತ್ತಿಚಿತ್ರಗಳ ನಕಲು ಮಾಡಿಸಿದ್ದ. ವರ್ಷಗಟ್ಟಲೆ ಮಾಡಿದ ಆ ನಕಲುಗಳಲ್ಲಿ ಬಹಳಷ್ಟು ಲಂಡನ್ನಿಗೆ ಹೋಗಿ 1885ರ ಬೆಂಕಿಯಲ್ಲಿ ಸುಟ್ಟುಹೋದವು. ಇದನ್ನು ಹೇಳಿದಾಗ ಮಕ್ಕಳ ಮುಖ ನೋಡಬೇಕಿತ್ತು. "ಬಹುಮಾನ ಬಂತೇನ್ರಿ ಅವ್ರಿಗಿ?" ಎಂದು ಒಬ್ಬ ಕೇಳಿದ.

ಅಲ್ಲಿಂದ ನಡೆದುಕೊಂಡೇ ಕ್ರಾಫರ್ಡ್ ಮಾರ್ಕೆಟ್. ಬಾಗಿಲ ಮೇಲಿನ ಉಬ್ಬುಶಿಲ್ಪ ಲಾಕ್‌ವುಡ್ ಕಿಪ್ಲಿಂಗರದು, ಅವರೂ ಜೆ. ಜೆ.ಯ ಮೇಷ್ಟರೇ. ಹೊಲದ ಕೆಲಸದವರು, ಹೊರೆ ಹೊತ್ತವರು. ನಮ್ಮ ಹುಡುಗರು ಅದನ್ನು ಬಿಟ್ಟು, ಅದರ ಕೆಳಗೆ ಬುಟ್ಟಿ ಹೊತ್ತು ಓಡುತ್ತಿದ್ದ ಹಮಾಲರನ್ನು ಬಿಡಿಸಿದರು. ನಾನು ಸುಮ್ಮನಿದ್ದೆ. ಬರುವಾಗ ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ಕಾರ್ಟ್ರಿಜ್ ಹಾಳೆ, ಪೋಸ್ಟರ್ ಬಣ್ಣ ಹೋಲ್‌ಸೇಲಿನಲ್ಲಿ ಕೊಂಡೆವು. ಜೆ. ಜೆ.ಯ ಗೇಟಿನ ಮುಂದೆ ನಿಂತು ಚಿತ್ರಕಲಾವಿದ ಕೆ. ಕೆ. ಹೆಬ್ಬಾರರ ವಿಷಯ ಹೇಳದೆ ಇರಲಾಗಲಿಲ್ಲ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಇಲ್ಲಿಗೆ ಬಂದು ಕಲಿತು, ಇಲ್ಲೇ ಕೆಲವು ವರ್ಷ ಕಲಿಸಿದವರು. ನಮ್ಮೂರ ಕಡೆಯವರು ಎಂಬ ಜಂಬ ನನ್ನ ದನಿಯಲ್ಲಿ ಇತ್ತೆಂದು ಕಾಣುತ್ತದೆ. "ನಮ್ಮ ಕಡೀ ಯಾರಿಲ್ಲೇನ್ರಿ ಸರ?" ಎಂದು ಒಬ್ಬಳು ಕೇಳಿದಳು. ಕಲಬುರಗಿಯ ಎಸ್. ಎಂ. ಪಂಡಿತರ ಹೆಸರು ಹೇಳಿದೆ. ಅವರು ಸಿನಿಮಾ ಪೋಸ್ಟರ್ ಬಿಡಿಸುತ್ತಿದ್ದರು ಎಂದ ಕೂಡಲೇ ಹುಡುಗರೆಲ್ಲ ಕಿವಿ ನಿಮಿರಿಸಿದರು. ನನ್ನ ಹೆಬ್ಬಾರರು ಅಲ್ಲೇ ಸೋತರು.

ಡಿಸೈನ್ ಪೇಪರಿನಲ್ಲಿ ಆದದ್ದನ್ನು ಹೇಳಲೆಂದೇ ಇಷ್ಟು ಬರೆದೆ. ಅಲ್ಲಿ ಒಂದು ಚೌಕವನ್ನೋ ವೃತ್ತವನ್ನೋ ಕೊಟ್ಟು ಆಕಾರಗಳಿಂದ ತುಂಬಲು ಹೇಳುತ್ತಾರೆ. ನಮ್ಮ ಮಕ್ಕಳು ಗೈಡಿನಲ್ಲಿದ್ದ ಕಮಲ, ಹಂಸ, ಎಲೆಗಳನ್ನು ಬಾಯಿಪಾಠ ಮಾಡಿರುತ್ತಿದ್ದರು. ಎಲ್ಲರದೂ ಒಂದೇ ಹಂಸ. ಒಂದು ಜುಲೈ ತಿಂಗಳು, ಮಳೆ ಹೊಯ್ಯುತ್ತಿತ್ತು. ಒಬ್ಬಳು ನೆನೆದು ಬಂದು ಚಳಿಗೆ ನಡುಗುತ್ತಿದ್ದಳು. ಅವಳ ಅವ್ವ ಮಧ್ಯಾಹ್ನ ಒಂದು ಕೌದಿ ತಂದುಕೊಟ್ಟು ಹೋದರು. ಹಳೆಯ ಸೀರೆ, ಪರಕಾರ, ಯಾರದೋ ಯೂನಿಫಾರ್ಮು ಎಲ್ಲ ಸೇರಿಸಿ ಹೊಲಿದದ್ದು. ಹುಡುಗಿ ಅದನ್ನು ಹೊದ್ದು ಕೂತಿದ್ದಳು. ನಾನು ಬೋರ್ಡಿನ ಮೇಲೆ ಆವರ್ತನೆ, ಸಮತೋಲ ಎಂದು ಏನೇನೋ ಬರೆಯುತ್ತಿದ್ದೆ. ತಿರುಗಿ ನೋಡಿದರೆ ನಾನು ಬರೆದದ್ದೆಲ್ಲ ಅವಳ ಬೆನ್ನ ಮೇಲೆ ಇತ್ತು.

ಮುಂದಿನ ವಾರ ಎಲ್ಲರೂ ಮನೆಯ ಕೌದಿ ತರಬೇಕೆಂದೆ. ಮೊದಲು ಯಾರೂ ತರಲಿಲ್ಲ. ಹರಿದ ಬಟ್ಟೆಯದು, ನಾಚಿಕೆ. ನಾನೇ ನಮ್ಮ ಮನೆಯ ಹಳೆಯ ಹೊದಿಕೆ ತಂದು ಹಾಸಿದ ಮೇಲೆ ಒಂದೊಂದೇ ಬಂದವು. ಹದಿನಾಲ್ಕು ಕೌದಿ ಕಾರಿಡಾರಿನ ಉದ್ದಕ್ಕೂ. ಎರಡು ಪೀರಿಯಡ್ ಅವುಗಳ ಮೇಲೆ ಮಂಡಿಯೂರಿ ಎಣಿಸಿದೆವು. ಕೆಂಪು ಎಷ್ಟು ತುಂಡಿಗೊಮ್ಮೆ ಬರುತ್ತದೆ? ಕಪ್ಪನ್ನು ಅಂಚಿಗೇ ಯಾಕೆ ಇಟ್ಟಿದ್ದಾರೆ? ದೊಡ್ಡ ತುಂಡು ನಡುವೆ ಇದ್ದರೆ ಕಣ್ಣು ಎಲ್ಲಿಗೆ ಹೋಗುತ್ತದೆ? ಹುಡುಗರು ಮನೆಗೆ ಹೋಗಿ ಅವ್ವಂದಿರನ್ನು ಕೇಳಿಕೊಂಡು ಬಂದರು. "ಬಟ್ಟಿ ಅಷ್ಟ ಇತ್ತು, ಅದಕ್ಕ" ಎಂಬುದೇ ಹೆಚ್ಚಿನ ಉತ್ತರ. ಆದರೆ ಒಬ್ಬನ ಅಜ್ಜಿ, ಒಂದೇ ಬಣ್ಣ ಪಕ್ಕಪಕ್ಕ ಬಂದರೆ ಅಲ್ಲಿ ತೂತು ಬಿದ್ದ ಹಾಗೆ ಕಾಣುತ್ತದೆ ಎಂದರಂತೆ. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಬೋರ್ಡಿನ ಮೇಲೆ ಬರೆಸಿದೆ.

ಆಮೇಲೆ ಹಾಳೆಗೆ. ಪೋಸ್ಟರ್ ಬಣ್ಣ ದೋಸೆ ಹಿಟ್ಟಿನಷ್ಟು ಮಂದ ಇರಬೇಕು. ನೀರಾದರೆ ಕಲೆ ಕಲೆ, ಗಟ್ಟಿಯಾದರೆ ಒಣಗಿ ಬಿರುಕು. ಒಂದು ತುಂಡು ಪೂರ್ತಿ ಒಣಗದೆ ಪಕ್ಕದ್ದಕ್ಕೆ ಕೈ ಹಾಕಬಾರದು. ಮುಂಬಯಿಯ ಮಳೆಗಾಲದಲ್ಲಿ ಯಾವುದೂ ಒಣಗುವುದಿಲ್ಲ ಎಂಬುದನ್ನು ನಾನೇ ಮರೆತಿದ್ದೆ. ಮೊದಲ ಕಂತಿನ ಹಾಳೆಗಳನ್ನು ಕಪಾಟಿನಲ್ಲಿ ಒಂದರ ಮೇಲೊಂದು ಪೇರಿಸಿಟ್ಟು, ಸೋಮವಾರ ತೆಗೆದರೆ ಎಲ್ಲವೂ ಅಂಟಿಕೊಂಡು ಒಂದೇ ದಪ್ಪ ರಟ್ಟಾಗಿತ್ತು. ಬಿಡಿಸಲು ಹೋಗಿ ಒಂಬತ್ತು ಹರಿದವು. ಹರಿದ ತುಂಡುಗಳನ್ನೇ ಅಂಟಿಸಿ ಮಕ್ಕಳು ಒಂದು ದೊಡ್ಡ ಕಾಗದದ ಕೌದಿ ಮಾಡಿದರು. ಆ ಉಪಾಯ ನನ್ನದಲ್ಲ.

ಆ ವರ್ಷ ಇಂಟರ್ಮೀಡಿಯೆಟ್‌ಗೆ ಕೂತ ಎಂಟು ಮಂದಿಯೂ ಪಾಸು, ಇಬ್ಬರಿಗೆ ಎ. ಕೌದಿ ಹೊದ್ದವಳಿಗೆ ಬಿ. ಭೂಮಿತಿಯಲ್ಲಿ ಕೈಕೊಟ್ಟಿರಬೇಕು.

ಶಾಲೆಯ ವಾರ್ಷಿಕೋತ್ಸವದ ದಿನ ಕಾರಿಡಾರಿನಲ್ಲಿ ಚಿತ್ರಗಳನ್ನು ತೂಗುಹಾಕಿದ್ದೆವು. ಅವಳ ಅವ್ವ ಸೈಟಿನಿಂದ ನೇರ ಬಂದಿದ್ದರು, ಸೀರೆಯ ಅಂಚಿಗೆ ಸಿಮೆಂಟು. ಮಗಳ ಹಾಳೆಯ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಕೆಳಗಿನ ಮೂಲೆಗೆ ಬೆರಳು ಚಾಚಿ, "ಇಲ್ಲಿ ಹಸರು ತಪ್ಪೇದ ನೋಡು. ಕೆಂಪು ಬರಬೇಕಿತ್ತು" ಎಂದರು. ನಾನು ನೋಡಿದೆ. ಅವರು ಹೇಳಿದ್ದು ಸರಿಯೇ. ಅಷ್ಟು ತಿಂಗಳು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಹುಡುಗಿ ಅವ್ವನ ಕೈ ಹಿಡಿದು ಕೆಳಗಿಳಿಸಿದಳು. "ಇರ್ಲಿ ಬಿಡಬೇ, ಅದು ನಂದು."