ಗುಲ್ಕಂದ್ ಹಾಕುವುದಿದ್ದರೆ ಮಳೆಗೆ ಮುಂಚೆ

ಪುಣೆ, ಮುಂಬೈ ಕಡೆ ಗುಲ್ಕಂದ್ ಹಾಕುವವರು ಏಪ್ರಿಲ್ ಬಿಸಿಲು ಬಿಡಬಾರದು. ಜೂನ್ ಬಂತೆಂದರೆ ಗಾಳಿಯಲ್ಲೇ ತೇವ, ಭರಣಿ ಹೊರಗಿಟ್ಟೂ ಪ್ರಯೋಜನವಿಲ್ಲ.

ಹೂವು ಘಮಘಮಿಸುವ ಪನ್ನೀರು ಗುಲಾಬಿಯೇ ಆಗಬೇಕು. ಸಿಗದಿದ್ದರೆ ಇಲ್ಲಿನವರ ಗಾವಠಿ ಗುಲಾಬ್, ಅಂದರೆ ನಾಟಿ ಗುಲಾಬಿ, ಕೇಳಿ ತನ್ನಿ. ಮುಂಬೈಯ ದಾದರ್‌ನಲ್ಲೋ ಪುಣೆಯ ಗುಲ್‌ಟೇಕಡಿಯಲ್ಲೋ ಹೂವಿನ ಮಾರುಕಟ್ಟೆಯಲ್ಲಿ ಕಟ್ಟು ಕಟ್ಟಿ ಮಾರುವ ಉದ್ದ ಕಡ್ಡಿಯ ಡಚ್ ಗುಲಾಬಿ ಹೂದಾನಿಗೆ ಸರಿ, ಬಾಯಿಗೆ ಬೇಡ. ಎಸಳು ದಪ್ಪ, ಪರಿಮಳ ಅಷ್ಟಕ್ಕಷ್ಟೆ, ಮೇಲೆ ಔಷಧಿ ಹೊಡೆದಿರುತ್ತಾರೆ. ಬಾಲ್ಕನಿಯಲ್ಲಿ ಐದಾರು ಗಂಟೆ ಬಿಸಿಲು ಬೀಳುತ್ತದೆಯೇ? ಹಾಗಾದರೆ 12 ಇಂಚಿನ ಕುಂಡದಲ್ಲಿ ಗಿಡವನ್ನೇ ಇಟ್ಟುಕೊಳ್ಳಿ. ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಲ್ಲಿ ಸವರಿದರೆ ಹೊಸ ಚಿಗುರಿನಲ್ಲಿ ಮೊಗ್ಗು ಬರುತ್ತದೆ.

ಇಬ್ಬನಿ ಆರಿದ ಕೂಡಲೇ, ಬಿಸಿಲೇರುವ ಮುಂಚೆ ಹೂ ಕೀಳಿ. ಆಮೇಲೆ ಪರಿಮಳ ಹಾರುತ್ತದೆ. ಎಸಳಿನ ಬುಡದ ಬಿಳಿ ಭಾಗ ಕಹಿ, ಕತ್ತರಿಸಿ ತೆಗೆಯಿರಿ. ತೊಳೆದು ಬಟ್ಟೆಯ ಮೇಲೆ ಹರಡಿ, ಫ್ಯಾನಿನ ಗಾಳಿಗೆ ನೀರು ಪೂರ್ತಿ ಆರಬೇಕು. ಕಾಲು ಕಿಲೋ ಎಸಳಿಗೆ ಅರ್ಧ ಕಿಲೋ ಕಲ್ಲುಸಕ್ಕರೆ ಪುಡಿ. ಸಮಸಮ ಹಾಕುವವರೂ ಇದ್ದಾರೆ, ಆದರೆ ಮುಂಬೈಯ ಸೆಕೆಗೆ ಸಕ್ಕರೆಯಲ್ಲಿ ಕಂಜೂಸಿ ಮಾಡಬೇಡಿ. ಸ್ವಲ್ಪ ಸಕ್ಕರೆಯೊಂದಿಗೆ ಎಸಳನ್ನು ಕೈಯಲ್ಲೇ ಚೆನ್ನಾಗಿ ಹಿಸುಕಿ. ಬಣ್ಣ ಬಿಟ್ಟು ಮುದ್ದೆಯಾದಾಗ ಉಳಿದದ್ದನ್ನೂ ಬೆರೆಸಿ ಗಾಜಿನ ಭರಣಿಗೆ ಮುಕ್ಕಾಲು ಮಾತ್ರ ತುಂಬಿ, ಬಾಯಿಗೆ ತೆಳು ಬಟ್ಟೆ ಕಟ್ಟಿ. ದಿನಾ ಬಿಸಿಲಿಗಿಟ್ಟು ಸಂಜೆ ಒಳಗೆ ತಂದು, ಒಣಗಿದ ಮರದ ಸೌಟಿನಲ್ಲಿ ತಿರುವಿ. ಮೂರು ನಾಲ್ಕು ವಾರದಲ್ಲಿ ಗುಲಾಬಿ ಬಣ್ಣ ಹೋಗಿ ಕಂದು ಹೊಳಪು ಬರುತ್ತದೆ. ಗಾಬರಿ ಬೇಡ, ಪಾಕವಾಗಿದೆ ಅಂತಲೇ ಅರ್ಥ. ನೊರೆ ಎದ್ದು ಹುಳಿ ವಾಸನೆ ಬಂದರೆ ಎಸಳು ಹಸಿ ಇತ್ತು, ಇಲ್ಲವೇ ಸಕ್ಕರೆ ಸಾಲಲಿಲ್ಲ. ಬೂಷ್ಟು ಕಂಡರೆ ಮೇಲಿನದನ್ನಷ್ಟೇ ತೆಗೆದು ಉಳಿಸಿಕೊಳ್ಳುವ ಆಸೆ ಬಿಡಿ, ಇಡೀ ಭರಣಿ ಚೆಲ್ಲಿ. ಏಲಕ್ಕಿ ಪುಡಿ ಕೊನೆಗೆ, ಅದೂ ಚಿಟಿಕೆ.

ತಣ್ಣನೆ ಹಾಲಿಗೆ ಒಂದು ಚಮಚ ಹಾಕಿದರೆ ಸಾಕು. ಅರ್ಧ ಕಿಲೋ ಚಕ್ಕಾದ (ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರಿನ) ಶ್ರೀಖಂಡಕ್ಕೆ ನಾಲ್ಕು ಚಮಚ ಸೇರಿಸಿ, ಸಕ್ಕರೆಯನ್ನು ಅಷ್ಟು ಇಳಿಸಿ. ಚೌತಿಯ ಕಡುಬಿಗೆ ಬರೀ ಗುಲ್ಕಂದ್ ತುಂಬಿದರೆ ಹಬೆಯಲ್ಲಿ ಕರಗಿ ಒಡೆದು ಹೊರಗೆ ಸುರಿಯುತ್ತದೆ; ಒಂದು ಬಟ್ಟಲು ಒಣಕೊಬ್ಬರಿ ತುರಿಗೆ ಎರಡು ಚಮಚ ಗುಲ್ಕಂದ್ ಕಲಸಿ, ಉಂಡೆ ಕಟ್ಟಲು ಬಂದರೆ ಹದ ಸರಿ.