ಕೋವಿ ನಳಿಗೆಗೆ ಕಂದು ಬಣ್ಣ ಬರಿಸುವ ಕೆಲಸ

ಮೊದಲೇ ಹೇಳಿಬಿಡುತ್ತೇನೆ, ಹಳೇ ಕೋವಿಗಳ ನಳಿಗೆ ಮೇಲೆ ಕಾಣುವ ಆ ಚಂದದ ಕಂದು ಬಣ್ಣ ಬರೀ ತುಕ್ಕು. ಬೇಕಂತಲೇ ಹಿಡಿಸಿದ ತುಕ್ಕು. ಉಕ್ಕಿನ ಮೇಲೆ ತೆಳುವಾಗಿ, ಒಂದೇ ಸಮನಾಗಿ ತುಕ್ಕು ಬರಿಸಿ, ಮೇಲಿನ ಪುಡಿ ಉಜ್ಜಿ ತೆಗೆದು, ಮತ್ತೆ ಬರಿಸಿ, ಮತ್ತೆ ಉಜ್ಜಿ, ಸಾಕು ಅನ್ನಿಸಿದಾಗ ಅದನ್ನು ಅಲ್ಲಿಗೇ ನಿಲ್ಲಿಸಿ ಎಣ್ಣೆ ಹಚ್ಚುವುದು. ಇಷ್ಟೇ ಕೆಲಸ. ಇದಕ್ಕೆ ಕೈಚಳಕ ಅಷ್ಟೇನೂ ಬೇಡ, ಹಚ್ಚಿದ ಮೇಲೆ ಕೈಕಟ್ಟಿ ಕೂರೋದಕ್ಕೆ ಬರಬೇಕು. ಬಹಳ ಜನರಿಗೆ ಆಗದೇ ಇರುವುದು ಅದೇ.

ನಾನು ಹೇಳುತ್ತಿರುವುದು ಬಾಯಿಂದ ಮದ್ದು ತುಂಬುವ ರೈಫಲ್ ಬಗ್ಗೆ. ಇಲ್ಲಿ ಅಮೆರಿಕದಲ್ಲಿ ಬಿಡಿಭಾಗಗಳ ಕಿಟ್ ತರಿಸಿ ಮನೆಯಲ್ಲೇ ಇಂಥ ರೈಫಲ್ ಜೋಡಿಸುವವರು ಸುಮಾರು ಜನ ಇದ್ದಾರೆ. 1933ರಲ್ಲಿ ಶುರುವಾದ ಇವರ ರಾಷ್ಟ್ರೀಯ ಸಂಘ ಇಂಡಿಯಾನಾದ ಫ್ರೆಂಡ್‌ಶಿಪ್ ಅನ್ನೋ ಪುಟ್ಟ ಊರಿನಲ್ಲಿ ಈಗಲೂ ಗುರಿ ಪಂದ್ಯ ನಡೆಸುತ್ತದೆ. ಕಿಟ್‌ನಲ್ಲಿ ನಳಿಗೆ ಸಾಮಾನ್ಯವಾಗಿ ಬೆಳ್ಳಗೆ, ಹಾಗೇ ಬರುತ್ತದೆ. ಬಣ್ಣ ನಿಮ್ಮ ಪಾಲಿನ ಕೆಲಸ. ಹಿಂದಿನವರು ಯಾಕೆ ಕಂದು ಮಾಡಿದರು ಅಂದರೆ, ಹೊಳೆಯುವ ನಳಿಗೆ ಬಿಸಿಲಿಗೆ ಮಿಂಚಿ ಬೇಟೆಗೂ ಕಾಣುತ್ತದೆ, ಶತ್ರುವಿಗೂ ಕಾಣುತ್ತದೆ, ಜೊತೆಗೆ ಅದನ್ನು ದಿನಾ ತಿಕ್ಕುತ್ತಲೇ ಇರಬೇಕು. ಅಮೆರಿಕ ಸೇನೆಯ 1803ರ ಹಾರ್ಪರ್ಸ್ ಫೆರ್ರಿ ರೈಫಲ್, 1841ರ ಮಿಸಿಸಿಪಿ ರೈಫಲ್, ಬ್ರಿಟಿಷರ ಬೇಕರ್ ರೈಫಲ್, ಸೇಂಟ್ ಲೂಯಿಸ್‌ನ ಹಾಕಿನ್ ಅಣ್ಣತಮ್ಮಂದಿರ ಬೇಟೆ ರೈಫಲ್, ಎಲ್ಲವಕ್ಕೂ ಕಂದು ನಳಿಗೆ. ಅದಕ್ಕೂ ಹಿಂದಿನ, 1770ರ ಆಸುಪಾಸಿನ ಪೆನ್ಸಿಲ್ವೇನಿಯಾ ರೈಫಲ್‌ಗಳಲ್ಲಿ ಬೆಳ್ಳಗೇ ಬಿಟ್ಟವೂ ಇದ್ದವು. ಹಾಗಾಗಿ ನೀವು ಕಟ್ಟುತ್ತಿರುವುದು ಯಾವ ಕಾಲದ್ದು ಅಂತ ಮೊದಲು ನೋಡಿಕೊಳ್ಳಿ.

ಕೊಡಗು, ಮಲೆನಾಡಿನ ಕಡೆಯಿಂದ ಓದುತ್ತಿರುವವರಿಗೆ ಒಂದು ಮಾತು. ಅಜ್ಜನ ಕಾಲದ ಕೇಪಿನ ಕೋವಿ ಮನೆಯಲ್ಲಿದ್ದರೆ ದಯವಿಟ್ಟು ಅದರ ಮೇಲೆ ಇದನ್ನು ಮಾಡಬೇಡಿ. ಎಷ್ಟೋ ವರ್ಷಗಳಲ್ಲಿ ತಾನಾಗೇ ಬಂದ ಬಣ್ಣ ಒಂದು ಸಲ ಉಜ್ಜಿದರೆ ಹೋಯಿತು, ಮತ್ತೆ ಬರುವುದಿಲ್ಲ. ಹಳೇ ನಳಿಗೆಗಳಲ್ಲಿ ಕೆಲವು ಕಬ್ಬಿಣದ ಪಟ್ಟಿಯನ್ನು ಸುತ್ತಿ ಬೆಸೆದು ಮಾಡಿದಂಥವು, ಅವನ್ನು ಅರ ಹಿಡಿದು ಕೆರೆಯೋದು ಇನ್ನೂ ಕೆಟ್ಟದ್ದು. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ 2029ರವರೆಗೆ ಲೈಸೆನ್ಸ್ ವಿನಾಯಿತಿ ಇದೆ, ನಿಜ. ಆದರೂ ರಿಪೇರಿ ಏನಿದ್ದರೂ ಲೈಸೆನ್ಸ್ ಇರುವ ಕೋವಿ ಅಂಗಡಿಯವರ ಕೈಗೇ ಕೊಡಿ. ಕೊಡವರ ಆಯುಧಪೂಜೆ ಹಬ್ಬವಾದ ಕೈಲ್‌ಪೊಳ್ದಿಗೆ ಪೂಜೆಗಿಡುವ ಕೋವಿಗೆ ಒಂದು ಒಣ ಬಟ್ಟೆ, ಒಂಚೂರು ಎಣ್ಣೆ ಸಾಕು.

ಇನ್ನು ಕೆಲಸಕ್ಕೆ ಬರೋಣ. ಹೊಸ ಕಿಟ್ ಆದರೂ ಸರಿ, ನಳಿಗೆ ಖಾಲಿ ಇದೆಯಾ ಅಂತ ಮೊದಲು ನೋಡಿ. ಗಜವನ್ನು, ಅಂದರೆ ಮದ್ದು-ಗುಂಡು ಒಳಗೆ ತಳ್ಳುವ ಉದ್ದನೆ ಕೋಲನ್ನು, ಬಾಯಿಂದ ಒಳಗೆ ಇಳಿಸಿ, ಬಾಯಿಯ ಅಂಚಿಗೆ ಸರಿಯಾಗಿ ಪೆನ್ಸಿಲ್ ಗುರುತು ಹಾಕಿ, ಹೊರಗೆ ತೆಗೆದು ನಳಿಗೆ ಪಕ್ಕ ಇಟ್ಟು ಅಳೆಯಿರಿ. ಗಜದ ತುದಿ ಕಿಡಿ ಒಳಹೋಗುವ ತೂತಿನ ಹತ್ತಿರ ಬರಬೇಕು. ಒಂದೆರಡು ಇಂಚು ಮೇಲೇ ನಿಂತರೆ ಒಳಗೆ ಏನೋ ಇದೆ ಅಂತ ಅರ್ಥ. ಹಾಗಿದ್ದರೆ ಅಲ್ಲಿಗೇ ನಿಲ್ಲಿಸಿ, ಗೊತ್ತಿರುವವರಿಗೆ ತೋರಿಸಿ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದರಂತೂ ಇದನ್ನು ಬಿಡಲೇಬೇಡಿ. ಒಳಗೆ ಉಳಿದ ಕಪ್ಪು ಮದ್ದು ಒದ್ದೆಯಾಗದಿದ್ದರೆ ಎಷ್ಟು ವರ್ಷ ಆದರೂ ಕೆಡುವುದಿಲ್ಲ.

ಆಮೇಲೆ ನಳಿಗೆಯನ್ನು ಕೋವಿಯ ಮರದ ಭಾಗದಿಂದ ಬಿಚ್ಚಿ. ಲಾಕ್ (ಕಿಡಿ ಹೊಡೆಯುವ ಯಂತ್ರ), ಗುರಿಕಣ್ಣುಗಳು, ಹಿತ್ತಾಳೆಯದ್ದು ಏನಿದೆ ಎಲ್ಲಾ ತೆಗೆಯಿರಿ. ಹಿಂಬದಿಯ ಮುಚ್ಚಳ ಮಾತ್ರ ಬಿಚ್ಚಬೇಡಿ, ಅದು ಹಾಗೇ ಇರಲಿ.

ನಿಜವಾದ ಬೆವರು ಇಳಿಯುವುದು ಇಲ್ಲಿ. ಎಂಟು ಮುಖದ ನಳಿಗೆ ಮೇಲೆ ಕಾರ್ಖಾನೆಯ ಮಿಷನ್ ಗೆರೆಗಳು ಅಡ್ಡಡ್ಡ ಇರುತ್ತವೆ. ಕಂದು ಬಣ್ಣ ಅವನ್ನು ಮುಚ್ಚುತ್ತದೆ ಅಂದುಕೊಂಡರೆ ತಪ್ಪು, ಇನ್ನೂ ಎತ್ತಿ ತೋರಿಸುತ್ತದೆ. ಅರವನ್ನು ನಳಿಗೆಗೆ ಅಡ್ಡಲಾಗಿ ಎರಡೂ ಕೈಯಲ್ಲಿ ಹಿಡಿದು, ಉದ್ದಕ್ಕೂ ನಿಮ್ಮ ಕಡೆಗೆ ಎಳೆಯಿರಿ. ಅರದ ಹಲ್ಲಿಗೆ ಮೊದಲು ಸೀಮೆಸುಣ್ಣ ತಿಕ್ಕಿಕೊಳ್ಳಿ. ಇಲ್ಲದಿದ್ದರೆ ಲೋಹದ ಚೂರು ಹಲ್ಲಿನ ಮಧ್ಯೆ ಸಿಕ್ಕಿ, ಒಂದೇ ಎಳೆತಕ್ಕೆ ಆಳವಾದ ಗೀರು ಬೀಳುತ್ತದೆ, ಆ ಗೀರು ತೆಗೆಯೋಕೆ ಇಡೀ ಮುಖವನ್ನೇ ಮತ್ತೆ ಉಜ್ಜಬೇಕು. ಗೆರೆ ಎಲ್ಲಾ ಹೋದ ಮೇಲೆ ಎಮರಿ ಪೇಪರನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ ಉಜ್ಜಿ. ಬೆರಳಲ್ಲಿ ಒತ್ತಿ ಉಜ್ಜಿದರೆ ಎಂಟು ಮುಖದ ಅಂಚುಗಳು ದುಂಡಗಾಗಿ, ನಳಿಗೆ ಸವೆದ ಸೋಪಿನ ತರ ಕಾಣುತ್ತದೆ. 220ನೇ ನಂಬರಿನ ಪೇಪರ್‌ಗೆ (ನಂಬರ್ ಹೆಚ್ಚಿದಷ್ಟೂ ನಯ) ನಿಲ್ಲಿಸಬಹುದು, ಜಾಸ್ತಿ ಅಂದರೆ 320. ಕನ್ನಡಿಯಂಗೆ ಹೊಳೆಸೋಕೆ ಹೋಗಬೇಡಿ, ಅತಿ ನುಣುಪಾದ ಉಕ್ಕಿನ ಮೇಲೆ ತುಕ್ಕು ಹಿಡಿಸುವ ದ್ರಾವಣ ಸರಿಯಾಗಿ ಕಚ್ಚುವುದಿಲ್ಲ.

ನಳಿಗೆ ಒಳಗೆ ತುಕ್ಕು ಹೋಗಬಾರದು ಅಲ್ವಾ? ಒಳಗೆ ಗ್ರೀಸ್ ಸವರಿ, ಬಾಯಿಗೆ ಬಿಗಿಯಾಗಿ ಒಂದು ಮರದ ಗೂಟ ಹೊಡೆಯಿರಿ. ಗೂಟ ಒಂದಡಿ ಹೊರಗೆ ಚಾಚಿರಲಿ, ಮುಂದೆ ನಳಿಗೆ ಹಿಡಿಯೋಕೆ ಅದೇ ಹಿಡಿ. ಸಣ್ಣ ತೂತಿಗೆ ಚೂಪು ಮಾಡಿದ ಕಡ್ಡಿ ಸಾಕು. ಗ್ರೀಸ್ ಹೊರಗೆ ಸೋರದ ಹಾಗೆ ನೋಡಿಕೊಳ್ಳಿ.

ಈಗ ಜಿಡ್ಡು ತೆಗೆಯಬೇಕು. ಪಾತ್ರೆ ತೊಳೆಯುವ ಸೋಪು, ಬಿಸಿನೀರು ಹಾಕಿ ಬ್ರಷ್‌ನಲ್ಲಿ ಚೆನ್ನಾಗಿ ತಿಕ್ಕಿ ತೊಳೆದು, ಒಣಗಿದ ಮೇಲೆ ಅಸಿಟೋನ್‌ನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಬೆಳ್ಳಗೇ ಉಳಿಯುವ ತನಕ. ಕಿಟಕಿ ತೆಗೆದಿರಲಿ, ಹತ್ತಿರ ಬೆಂಕಿ ಬೇಡವೇ ಬೇಡ. ಇಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ, ಗ್ಲೌಸ್ ಹಾಕಿಕೊಳ್ಳಿ. ಒಂದು ಹೆಬ್ಬೆಟ್ಟಿನ ಗುರುತು ಬಿದ್ದರೂ ಅಲ್ಲಿ ತುಕ್ಕು ಹಿಡಿಯದೆ, ಹೆಬ್ಬೆಟ್ಟಿನ ಆಕಾರದಲ್ಲೇ ಬಿಳಿ ಮಚ್ಚೆ ಉಳಿಯುತ್ತದೆ.

ದ್ರಾವಣದಲ್ಲಿ ಎರಡು ಬಗೆ. ಒಂದು ಬಿಸಿಯದ್ದು, ಬರ್ಚ್‌ವುಡ್ ಕೇಸಿಯವರ ಪ್ಲಮ್ ಬ್ರೌನ್ ಅದಕ್ಕೆ ಹೆಸರುವಾಸಿ. ನಳಿಗೆಯನ್ನು ಸುಮಾರು 135 ಡಿಗ್ರಿ ಸೆಲ್ಸಿಯಸ್‌ಗೆ, ನೀರು ಚಿಮುಕಿಸಿದರೆ ಚುಂಯ್ ಅನ್ನುವಷ್ಟು ಕಾಯಿಸಿ ಹಚ್ಚಬೇಕು. ಬೇಗ ಆಗುತ್ತದೆ. ಆದರೆ 42 ಇಂಚಿನ ನಳಿಗೆಯನ್ನು ಈ ತುದಿಯಿಂದ ಆ ತುದಿಗೆ ಒಂದೇ ಬಿಸಿಯಲ್ಲಿ ಇಡೋದು ಮನೆಯಲ್ಲಿ ಕಷ್ಟ, ಏಳುವ ಹೊಗೆಯೂ ಒಳ್ಳೆಯದಲ್ಲ. ಸ್ಕ್ರೂ, ಟ್ರಿಗರ್ ಗಾರ್ಡ್ ತರದ ಸಣ್ಣ ಉಕ್ಕಿನ ಸಾಮಾನಿಗೆ ಅದು ಸರಿ. ನಳಿಗೆಗೆ ತಣ್ಣಗಿನದ್ದೇ ನನ್ನ ಆಯ್ಕೆ. ಲಾರೆಲ್ ಮೌಂಟನ್ ಫೋರ್ಜ್‌ನವರದ್ದು ಇಲ್ಲಿ ಸುಲಭವಾಗಿ ಸಿಗುತ್ತದೆ. ಹಳೇ ಪುಸ್ತಕದ ರೆಸಿಪಿ ನೋಡಿ ಮನೆಯಲ್ಲೇ ಬೆರೆಸುವ ಹುಚ್ಚು ಮಾತ್ರ ಬೇಡ. ಅವುಗಳಲ್ಲಿ ನೈಟ್ರಿಕ್ ಆಮ್ಲ ಇರುತ್ತದೆ, ಎಷ್ಟೋ ಸಲ ಪಾದರಸದ ಲವಣವೂ ಇರುತ್ತದೆ. ಅದು ಅಪ್ಪಟ ವಿಷ.

ಬಾಟಲಿಗೇ ಬಟ್ಟೆ ಅದ್ದಬೇಡಿ, ಸ್ವಲ್ಪವನ್ನು ಗಾಜಿನ ಬಟ್ಟಲಿಗೆ ಸುರಿದುಕೊಳ್ಳಿ. ಹತ್ತಿ ಬಟ್ಟೆಯ ಚಿಕ್ಕ ತುಂಡನ್ನು ಅದ್ದಿ, ಹನಿ ಬೀಳದ ಹಾಗೆ ಹಿಂಡಿ. ನಳಿಗೆಯ ಹಿಂಬದಿಯಿಂದ ಬಾಯಿವರೆಗೆ ಒಂದೇ ಉದ್ದದ ಎಳೆತ, ಒಂದು ಮುಖಕ್ಕೆ ಒಂದು ಸಲ. ಮೊದಲು ಮರದೊಳಗೆ ಮುಚ್ಚಿಹೋಗುವ ಕೆಳಗಿನ ಮುಖಗಳಿಂದ ಶುರು ಮಾಡಿ, ಮೇಲಕ್ಕೆ ಬರುವಷ್ಟರಲ್ಲಿ ಕೈಗೆ ಅಳತೆ ಸಿಕ್ಕಿರುತ್ತದೆ. ಎಲ್ಲೋ ಒಂದು ಕಡೆ ಬಿಟ್ಟುಹೋದಂಗೆ ಕಂಡರೂ ವಾಪಸ್ ಹೋಗಿ ತಿದ್ದಬೇಡಿ. ಒದ್ದೆ ಇರುವಾಗಲೇ ಹಿಂದೆ ಮುಂದೆ ಉಜ್ಜಿದರೆ ತಾಮ್ರದ ಬಣ್ಣದ ಪಟ್ಟೆ ಏಳುತ್ತದೆ. ಬಿಟ್ಟುಹೋದ ಜಾಗ ಮುಂದಿನ ಕೈಯಲ್ಲಿ, ಅಂದರೆ ಮುಂದಿನ ಸಲ ಹಚ್ಚುವಾಗ, ತಾನೇ ಸರಿಹೋಗುತ್ತದೆ.

ಇನ್ನು ಬೇಕಾಗಿರುವುದು ತೇವ ಮತ್ತು ಹದವಾದ ಬೆಚ್ಚಗಿನ ಗಾಳಿ. ಜೂನ್, ಜುಲೈನಲ್ಲಿ ಮಡಿಕೇರಿಯಲ್ಲೋ ಆಗುಂಬೆಯಲ್ಲೋ ಇದ್ದರೆ ತೇವಕ್ಕೆ ಏನೂ ಮಾಡಬೇಕಾಗಿರಲಿಲ್ಲ, ಅಲ್ಲಿ ಬೀರುವಿನೊಳಗಿನ ಚಾಕುವಿಗೂ ತುಕ್ಕು ಬರುತ್ತದೆ! ಇಲ್ಲಿ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಗಾಳಿ ಒಣಕಲು. ಅದಕ್ಕೆ ಜನ ಉದ್ದದ ಮರದ ಪೆಟ್ಟಿಗೆ ಮಾಡಿ, ಒಳಗೆ ಬಿಸಿನೀರಿನ ತಟ್ಟೆ ಇಟ್ಟು, ನಳಿಗೆ ತೂಗುಹಾಕುತ್ತಾರೆ. ಬಚ್ಚಲಲ್ಲಿ ಬಿಸಿ ಷವರ್ ಬಿಟ್ಟು ಬಾಗಿಲು ಹಾಕಿದರೂ ನಡೆಯುತ್ತದೆ. ಹಬೆ ನಳಿಗೆ ಮೇಲೆ ನೀರ ಹನಿಯಾಗಿ ಕೂರಬಾರದು, ಅಷ್ಟೇ. ಹನಿ ಕೂತಲ್ಲಿ ಗುಳಿ ಬೀಳುತ್ತದೆ. ಸುತ್ತಿಗೆ, ಉಳಿ ಇಟ್ಟಿರುವ ಕೋಣೆಯಲ್ಲಂತೂ ಇದನ್ನು ಮಾಡಬೇಡಿ, ಅವಕ್ಕೂ ಕಂದು ಬಣ್ಣ ಬಂದುಬಿಡುತ್ತದೆ.

ಮೂರು ಗಂಟೆಯಿಂದ ಒಂದು ರಾತ್ರಿಯವರೆಗೆ ಬಿಡಿ, ತೇವ ಎಷ್ಟಿದೆ ಅನ್ನೋದರ ಮೇಲೆ ಹೋಗುತ್ತದೆ. ಮೊದಲ ಸಲ ನೋಡಿದಾಗ ಗಾಬರಿ ಆಗಬಹುದು, ಅಲ್ಲಲ್ಲಿ ಕಿತ್ತಳೆ ಚುಕ್ಕೆ, ಅಲ್ಲಲ್ಲಿ ಬೂದಿ ಬಣ್ಣ, ಎಲ್ಲಾ ಹಾಳಾಯಿತು ಅನ್ನಿಸುತ್ತದೆ. ಏನೂ ಆಗಿಲ್ಲ, ಹಾಗೇ ಇನ್ನೊಂದು ಕೈ ಹಚ್ಚಿ. ಎರಡು ಮೂರು ಕೈ ಆದ ಮೇಲೆ ಬೆಚ್ಚಗಿನ ನೀರಲ್ಲಿ ಒರಟು ಬಟ್ಟೆಯಿಂದ ಉಜ್ಜಿ. ಹಳೇ ಜೀನ್ಸ್ ತುಂಡು ಚೆನ್ನಾಗಿರುತ್ತದೆ, ಸೋಪಲ್ಲಿ ಒಗೆದ ಗೋಣಿತಾಟು ಇನ್ನೂ ಚೆನ್ನ. ಸ್ಟೀಲ್ ವೂಲ್ ಬಳಸಿದರೆ ಬಂದ ಬಣ್ಣವೂ ಕಿತ್ತು ಬರುತ್ತದೆ, ಅದರಲ್ಲಿ ಎಣ್ಣೆಯೂ ಇರುತ್ತದೆ. ಉದುರುವ ಕೆಂಪು ಪುಡಿ ಮಾತ್ರ ಹೋಗಬೇಕು, ಕೆಳಗೆ ಕಚ್ಚಿಕೊಂಡಿರುವುದು ಉಳಿಯಬೇಕು. ನೀರು ಕುದಿಯುವುದು ಬೇಡ. ಕುದಿಯುವ ನೀರಿಗೆ ಕೆಂಪು ತುಕ್ಕು ಕಪ್ಪಾಗುತ್ತದೆ. ಕಪ್ಪು ನಳಿಗೆ ಬೇಕಿದ್ದವರು ಬೇಕಂತಲೇ ಹಾಗೆ ಕುದಿಸುತ್ತಾರೆ, ಅದು ಬೇರೆ ವಿದ್ಯೆ.

ಒಣಗಿಸಿ, ಮತ್ತೆ ಹಚ್ಚಿ, ಬಿಡಿ, ಉಜ್ಜಿ. ಸಾಮಾನ್ಯವಾಗಿ ಆರೇಳು ಕೈಗೆ ಬಣ್ಣ ತುಂಬಿ ಬರುತ್ತದೆ. ಉಕ್ಕು ಬೇರೆಯಾದರೆ ಲೆಕ್ಕವೂ ಬೇರೆ. ಸ್ಟೇನ್‌ಲೆಸ್ ನಳಿಗೆ ಆದರೆ ಸುಮ್ನೆ ಪ್ರಯತ್ನ ಪಡಬೇಡಿ. ಯಾವಾಗ ನಿಲ್ಲಿಸಬೇಕು ಅಂದರೆ, ನಳಿಗೆಯನ್ನು ಬಿಸಿಲಿಗೆ ಹಿಡಿದು ನಿಧಾನಕ್ಕೆ ತಿರುಗಿಸಿ. ಎಂಟೂ ಮುಖದ ಮೇಲೆ ಬಣ್ಣ ಒಂದೇ ತರ ಇದ್ದು, ಎಲ್ಲೂ ಉಕ್ಕು ಮಿಂಚದಿದ್ದರೆ ಸಾಕು. ಇನ್ನೂ ಒಂದು ಕೈ ಇರಲಿ ಅನ್ನೋ ಆಸೆಗೆ ಬಿದ್ದರೆ ಮೈ ಒರಟಾಗುತ್ತದೆ.

ನಿಲ್ಲಿಸೋದೂ ಒಂದು ಕೆಲಸವೇ, ತುಕ್ಕು ತಾನಾಗಿ ನಿಲ್ಲುವುದಿಲ್ಲ. ಬೆಚ್ಚಗಿನ ನೀರಿಗೆ ಅಡುಗೆ ಸೋಡಾ ಧಾರಾಳವಾಗಿ ಕದಡಿ, ಇಡೀ ನಳಿಗೆಗೆ ಹಾಕಿ ಉಜ್ಜಿ ತೊಳೆಯಿರಿ. ಹಿಂಬದಿಯ ಸಂದು, ಗುರಿಕಣ್ಣು ಕೂರುವ ಕಚ್ಚು ಬಿಡಬೇಡಿ, ದ್ರಾವಣ ಅಡಗಿ ಕೂರುವುದು ಅಲ್ಲೇ. ಒಣಗಿದ ತಕ್ಷಣ ಎಣ್ಣೆಯನ್ನು ಸುರಿದು ಹಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒರೆಸಿದಾಗ ಬಟ್ಟೆಗೆ ಕೆಂಪು ಹತ್ತಿದರೆ ತುಕ್ಕು ಇನ್ನೂ ಜೀವಂತ ಇದೆ, ಸೋಪು ಹಾಕಿ ಜಿಡ್ಡು ತೊಳೆದು ಮತ್ತೆ ಸೋಡಾ ಹಾಕಿ. ಎಣ್ಣೆ ಬಿದ್ದ ಕೂಡಲೇ ಆ ಇಟ್ಟಿಗೆ ಪುಡಿಯಂಥ ಬಣ್ಣ ಗಾಢವಾಗಿ ಇಳಿಯುವುದನ್ನು ನೋಡೋದೇ ಚಂದ. ಕೊನೆಗೆ ಹೇರ್ ಡ್ರೈಯರ್‌ನಲ್ಲಿ ನಳಿಗೆ ಬೆಚ್ಚಗೆ ಮಾಡಿ ಜೇನುಮೇಣ ತಿಕ್ಕಿ, ಹತ್ತಿ ಬಟ್ಟೆಯಿಂದ ಒರೆಸಿ.

ಗೂಟ, ಕಡ್ಡಿ ತೆಗೆದು ಒಳಗಿನ ಗ್ರೀಸನ್ನು ಬಿಸಿ ಸೋಪುನೀರಲ್ಲಿ ಪೂರ್ತಿ ತೊಳೆದು, ಒಣಗಿಸಿ, ತೆಳುವಾಗಿ ಎಣ್ಣೆ ಬಿಡಿ. ಸಣ್ಣ ತೂತಲ್ಲಿ ಕಡ್ಡಿಯ ಚೂರು ಮುರಿದು ಉಳಿದಿಲ್ಲ ಅಂತ ಬೆಳಕಿಗೆ ಹಿಡಿದು ನೋಡಿ. ಬಟ್ಟಲಲ್ಲಿ ಉಳಿದ ದ್ರಾವಣವನ್ನು ವಾಪಸ್ ಬಾಟಲಿಗೆ ಸುರಿಯಬೇಡಿ, ಅದರಲ್ಲಿ ಆಗಲೇ ತುಕ್ಕು, ಜಿಡ್ಡು ಸೇರಿರುತ್ತದೆ.