ಬಳ್ಳಾರಿಯಲ್ಲಿ ಈ ತಿಂಗಳು ಕಟ್ಟಡ ಕೆಲಸ ಜೋರೋ ಡಲ್ಲೋ? ಲೆಕ್ಕ ಹಿಡಿಯೋದು ಹಿಂಗೆ

ಗಾಂಧಿನಗರದಲ್ಲಿ ಕೂತೋರು 'ಎಲ್ರಿ, ಕನ್‌ಸ್ಟ್ರಕ್ಷನ್ ಪೂರ್ತಿ ಡಲ್ ಹೊಡೆದೈತೆ' ಅಂತಾರೆ, ಅದೇ ದಿನ ತಾಳೂರು ರೋಡ್ ಕಡೆ ಮನೆ ಕಟ್ಟಿಸ್ತಿರೋರು 'ಗೌಂಡಿಗಳೇ ಸಿಗ್ತಿಲ್ಲ ನೋಡ್ರಿ' ಅಂತಾರೆ. ಇಬ್ರೂ ಸುಳ್ಳು ಹೇಳ್ತಿಲ್ಲ, ಅವರವರ ಓಣಿ ನೋಡಿ ಇಡೀ ಊರಿನ ಮಾತು ಹೇಳ್ತಿದಾರೆ ಅಷ್ಟೆ. ಹಾರ್ಡ್‌ವೇರ್ ಅಂಗಡಿ ಇಟ್ಟೋರಿಗೆ, ಸೈಟ್ ಮೇಲೆ ದುಡ್ಡು ಹಾಕೋರಿಗೆ, ಈ ವರ್ಷ ಮನೆ ಶುರು ಮಾಡೋದೋ ಬ್ಯಾಡವೋ ಅಂತ ಕೂತಿರೋರಿಗೆ ಊರಿನ ನಾಡಿ ತಿಂಗಳ್ ತಿಂಗಳ್ ಗೊತ್ತಾಗೋದು ಒಳ್ಳೇದು. ಇದಕ್ಕೆ ದೊಡ್ಡ ಓದು ಬ್ಯಾಡ. ಒಂದು ಎಕ್ಸೆಲ್ ಶೀಟು, ಒಂದು ಪಂಚಾಂಗ, ತಿಂಗಳಿಗೊಂದು ಸಂಜೆ ಬೈಕಲ್ಲಿ ಸುತ್ತೋ ತಾಳ್ಮೆ ಇದ್ರೆ ಸಾಕು. ಪಂಚಾಂಗ ಯಾಕೆ ಅಂತ ನಗಬ್ಯಾಡ್ರಿ, ಇದ್ರಲ್ಲಿ ಮುಖ್ಯ ಸಾಮಾನೇ ಅದು.

ಮೂರು ಲೆಕ್ಕ, ಮೂರು ಕಾಲಂ

ಪ್ಲಾನ್ ಅಪ್ರೂವಲ್ ಆಯ್ತು ಅಂದ್ರೆ ಕಟ್ಟೋಕೆ ಒಪ್ಪಿಗೆ ಸಿಕ್ತು ಅಂತ, ಪಾಯ ತೋಡಿದ್ರು ಅಂತಲ್ಲ. ಪರ್ಮಿಷನ್ ತಗೊಂಡು ಬೀರುವಲ್ಲಿ ಇಟ್ಕೊಂಡು ಬ್ಯಾಂಕ್ ಲೋನಿಗೆ ಓಡಾಡ್ತಿರೋರು ಎಷ್ಟೋ ಜನ, ಮಗಳ ಮದುವೆ ಮುಗೀಲಿ ಆಮೇಲೆ ಅನ್ನೋರು ಇನ್ನೆಷ್ಟೋ. ಅದಕ್ಕೇ ಪರ್ಮಿಷನ್, ಕೆಲಸ ಶುರು ಆಗಿದ್ದು, ಮುಗಿದಿದ್ದು ಈ ಮೂರನ್ನೂ ಕಲಸಬಾರದು. ಅಮೆರಿಕದ ಸೆನ್ಸಸ್ ಬ್ಯೂರೋ ತಿಂಗಳಿಗೊಮ್ಮೆ ಮನೆ ಕಟ್ಟೋದ್ರ ಲೆಕ್ಕ ಕೊಡುವಾಗ ಈ ಮೂರನ್ನೂ ಬೇರೆ ಬೇರೆನೇ ಕೊಡುತ್ತೆ. ನಮ್ಮೂರಿಗೆ ಹಂಗೆ ರೆಡಿ ಮಾಡಿ ಕೈಗೆ ಕೊಡೋರು ಇಲ್ಲ, ನಾವೇ ಜೋಡಿಸ್ಕೋಬೇಕು.

ಕಾನೂನಿನ ದಾರಿನೂ ಸ್ವಲ್ಪ ತಿಳ್ಕೊಂಡಿರ್ರಿ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯ 299ನೇ ಸೆಕ್ಷನ್ ಪ್ರಕಾರ ಕಟ್ಟೋಕೆ ಮುಂಚೆ ಅರ್ಜಿ ಹಾಕ್ಬೇಕು, ಕಟ್ಟಿ ಮುಗಿದ ಮೇಲೆ ವಾಸಕ್ಕೆ ಒಪ್ಪಿಗೆ ತಗೊಳ್ಳೋದು 310ನೇ ಸೆಕ್ಷನ್. ಜನ ಓಸಿ ಓಸಿ ಅನ್ನೋದು ಇದಕ್ಕೇನೆ. ಲೇಔಟ್ ಅಪ್ರೂವಲ್ ಬೇರೆ ಕತೆ, ಅದು ಬುಡಾ (ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರ) ಕಡೆ ಹೋಗುತ್ತೆ. ಪೇಪರಲ್ಲಿ 'ಹೊಸ ಬಡಾವಣೆಗೆ ಒಪ್ಪಿಗೆ' ಅಂತ ಬಂದಿದ್ದನ್ನ ನೋಡಿ ಇನ್ನೂರು ಮನೆ ಬಂತು ಅಂತ ಶೀಟಲ್ಲಿ ಏರಿಸ್ಬ್ಯಾಡ್ರಿ, ಅಲ್ಲಿ ಸದ್ಯಕ್ಕೆ ಇರೋದು ಸುಣ್ಣದ ಗೆರೆ, ಕಲ್ಲು ನೆಟ್ಟಿರೋದು ಅಷ್ಟೆ. ಪಾಲಿಕೆ ಗಡಿ ದಾಟಿದ್ರೆ ಗ್ರಾಮ ಪಂಚಾಯ್ತಿ, ಅಲ್ಲಿ ಆಸ್ತಿ ದಾಖಲೆ ಇರೋದು ಇ-ಸ್ವತ್ತು ಅನ್ನೋ ಆನ್‌ಲೈನ್ ವ್ಯವಸ್ಥೆಯಲ್ಲಿ. ನಮ್ಮೂರು ಬೆಳೀತಿರೋದೇ ಅಂಚಿನಲ್ಲಿ, ಹಂಗಾಗಿ ಪಾಲಿಕೆ ನಂಬರ್ ಒಂದನ್ನೇ ನೋಡಿದ್ರೆ ಊರಿನ ನಡುವಿನ ಲೆಕ್ಕ ಸಿಗುತ್ತೆ, ಹೊರವಲಯ ತಪ್ಪಿಹೋಗುತ್ತೆ.

ಲೆಕ್ಕ ಕೇಳಿ ತರೋದು

ಸುಲಭದ ದಾರಿ ಆರ್‌ಟಿಐ. ಪಾಲಿಕೆ ನಗರ ಯೋಜನೆ ವಿಭಾಗದ ಮಾಹಿತಿ ಅಧಿಕಾರಿಗೆ ಅರ್ಜಿ, 10 ರೂಪಾಯಿ ಫೀಸು, 30 ದಿನದೊಳಗೆ ಉತ್ತರ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದ ಮೀರದಂಗೆ ಇರ್ಬೇಕು, ಅದಕ್ಕೇ ಪುರಾಣ ಬರೀಬ್ಯಾಡ್ರಿ. 'ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಕೊಟ್ಟ ಕಟ್ಟಡ ಪರವಾನಗಿಗಳ ಪಟ್ಟಿ: ಅರ್ಜಿ ಬಂದ ತಾರೀಕು, ಪರವಾನಗಿ ಕೊಟ್ಟ ತಾರೀಕು, ವಾರ್ಡ್, ವಾಸದ್ದೋ ವಾಣಿಜ್ಯದ್ದೋ, ಹೊಸದೋ ಮೇಲಂತಸ್ತೋ, ಒಟ್ಟು ಕಟ್ಟಡ ವಿಸ್ತೀರ್ಣ' ಇಷ್ಟು ಕೇಳಿದ್ರೆ ಆಯ್ತು. ಮಾಲೀಕರ ಹೆಸರು ಕೇಳಬ್ಯಾಡ್ರಿ, ನಮಗೆ ಬೇಕೂ ಇಲ್ಲ, ಅದನ್ನ ಕೇಳಿದ್ರೆ ಖಾಸಗಿ ಮಾಹಿತಿ ಅಂತ ಅರ್ಜಿ ಸಿಕ್ಕಾಕೊಳ್ಳೋಕೆ ಒಂದು ನೆಪ ಕೊಟ್ಟಂಗೆ. ಹೋದ ಎರಡು ವರ್ಷದ್ದು ಒಟ್ಟಿಗೆ ತರಿಸ್ಕೊಳ್ರಿ, ಯಾಕಂದ್ರೆ ಒಂದು ತಿಂಗಳ ನಂಬರ್ ಒಂದೇ ಇದ್ರೆ ಅದು ಏನೂ ಹೇಳಲ್ಲ.

ಎರಡು ತಾರೀಕು ಯಾಕೆ ಕೇಳಿದ್ದು ಅಂದ್ರೆ, ಅರ್ಜಿ ತಾರೀಕು ಜನರ ಮನಸ್ಸು ಹೇಳುತ್ತೆ, ಪರವಾನಗಿ ತಾರೀಕು ಆಫೀಸಿನ ಕೆಲಸ ಹೇಳುತ್ತೆ. ಯಾವ ಊರಿನ ಆಫೀಸೇ ಆಗ್ಲಿ, ಸಹಿ ಹಾಕೋರು ಟ್ರಾನ್ಸ್‌ಫರ್ ಆದ್ರೆ, ಸರ್ವರ್ ಕೈಕೊಟ್ರೆ, ಎಲೆಕ್ಷನ್ ಡ್ಯೂಟಿ ಬಿದ್ರೆ ಒಂದು ತಿಂಗಳು ಫೈಲೆಲ್ಲಾ ನಿಂತು ಮುಂದಿನ ತಿಂಗಳು ಡಬಲ್ ಬಂದಂಗೆ ಕಾಣುತ್ತೆ. ಅದನ್ನ ನೋಡಿ 'ಬಳ್ಳಾರಿಯಲ್ಲಿ ಮನೆ ಕಟ್ಟೋದು ಎರಡು ಪಟ್ಟು' ಅಂತ ವಾಟ್ಸಾಪ್‌ನಲ್ಲಿ ಹಾಕೋರು ಇರ್ತಾರೆ, ನೀವು ಹಾಕಬ್ಯಾಡ್ರಿ.

ಸಂಖ್ಯೆನೂ ಬೇಕು, ಚದರಡಿನೂ ಬೇಕು

ಲೆಕ್ಕಕ್ಕೆ ಅಂತ ಹೇಳ್ತೀನಿ. ಒಂದು ತಿಂಗಳು 60 ಪರ್ಮಿಷನ್, ಒಂದೊಂದೂ 1200 ಚದರಡಿ, ಒಟ್ಟು 72,000. ಮುಂದಿನ ತಿಂಗಳು 45 ಪರ್ಮಿಷನ್, ಅದ್ರಲ್ಲಿ 44 ಅದೇ ಥರದ ಮನೆ, ಒಂದು ಮಾತ್ರ 40,000 ಅಡಿಯ ಕಲ್ಯಾಣ ಮಂಟಪ. ಒಟ್ಟು 92,800 ಅಡಿ. ಈಗ ಸಂಖ್ಯೆ ನೋಡೋನು ಶೇ 25 ಬಿತ್ತು ಅಂತಾನೆ, ವಿಸ್ತೀರ್ಣ ನೋಡೋನು ಶೇ 29ರಷ್ಟು ಏರ್ತು ಅಂತಾನೆ, ಇಬ್ರ ಲೆಕ್ಕನೂ ಸರಿ. ಮಂಟಪ ಒಂದನ್ನ ಪಕ್ಕಕ್ಕಿಟ್ರೆ ಮನೆಗಳ ವಿಸ್ತೀರ್ಣ ಶೇ 27ರಷ್ಟು ಇಳಿದಿರೋದು ಕಾಣುತ್ತೆ. ಹಂಗಾಗಿ ದೊಡ್ಡ ಕಟ್ಟಡಗಳಿಗೆ ಬೇರೆ ಸಾಲು ಹಾಕ್ರಿ, ಮನೆಗಳಿಗೆ ಬೇರೆ. ಸರ್ಕಾರಿ ಪಟ್ಟಿ ಚದರ ಮೀಟರ್‌ನಲ್ಲಿದ್ರೆ 10.764ರಿಂದ ಗುಣಿಸಿದ್ರೆ ಅಡಿ ಬರುತ್ತೆ. ಸೆಂಟಿನ ಲೆಕ್ಕದಲ್ಲಿ ಮಾತಾಡೋರು ನಮ್ಮ ಕಡೆ ಜಾಸ್ತಿ, ಒಂದು ಸೆಂಟ್ ಅಂದ್ರೆ 435.6 ಚದರಡಿ, ಆದ್ರೆ ಅದು ಜಾಗದ ಅಳತೆ, ಕಟ್ಟಡದ್ದಲ್ಲ, ಎರಡನ್ನೂ ಒಂದೇ ಕಾಲಂನಲ್ಲಿ ತುರುಕಬ್ಯಾಡ್ರಿ.

2011ರ ಜನಗಣತಿಯಲ್ಲಿ ಬಳ್ಳಾರಿ 4 ಲಕ್ಷ ಚಿಲ್ರೆ ಜನರ ಊರು. ಬೆಂಗಳೂರಿನಂಗೆ ಸಾವಿರಗಟ್ಟಲೆ ಫೈಲ್ ಬರೋ ಜಾಗ ಅಲ್ಲ, ಅದಕ್ಕೇ ನಂಬರ್ ಕುಣಿಯೋದು ಜಾಸ್ತಿ, ಹತ್ತು ಫೈಲ್ ಆಚೆ ಈಚೆ ಆದ್ರೂ ಶೇಕಡಾವಾರು ಜಿಗಿದುಬಿಡುತ್ತೆ. ಮೂರು ತಿಂಗಳ ಸರಾಸರಿ ಹಾಕಿ ನೋಡೋದು ರೂಢಿ ಮಾಡ್ಕೊಳ್ರಿ.

ಪಂಚಾಂಗ ತೆಗೀರಿ

ಹೋದ ವರ್ಷದ ಇದೇ ತಿಂಗಳ ಜೊತೆ ಹೋಲಿಸ್ಬೇಕು ಅಂತ ಎಲ್ರೂ ಹೇಳ್ತಾರೆ. ಸರಿ, ಆದ್ರೆ ಯಾವ ತಿಂಗಳು? ಆಷಾಢದಲ್ಲಿ ಗುದ್ದಲಿ ಪೂಜೆ ಮಾಡೋರು ಕಮ್ಮಿ. ಪಿತೃಪಕ್ಷದಲ್ಲೂ ಅಷ್ಟೆ, ಧನುರ್ಮಾಸದಲ್ಲೂ ಅಷ್ಟೆ. ಜುಲೈ ಅಂದ್ರೆ ಆಷಾಢ ಅಂತ ಗಟ್ಟಿ ಮಾಡ್ಕೊಂಡ್ರೆ ಎಡವಟ್ಟಾಗುತ್ತೆ. 2025ರಲ್ಲಿ ಆಷಾಢ ಜೂನ್ 26ಕ್ಕೆ ಶುರುವಾಗಿ ಜುಲೈ 24ಕ್ಕೆ ಮುಗೀತು, ಅಂದ್ರೆ ಜುಲೈ ಬಹುಪಾಲು ಆಷಾಢದಲ್ಲೇ ಹೋಯ್ತು. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಬಂದು ಕೂತಿದ್ದಕ್ಕೆ ಆಷಾಢ ಜುಲೈ ಮಧ್ಯಕ್ಕೆ ಸರಿದು ಆಗಸ್ಟ್ 12ರವರೆಗೆ ಎಳೆಯುತ್ತೆ. ಈಗ 2025ರ ಆಗಸ್ಟಿಗೂ 2026ರ ಆಗಸ್ಟಿಗೂ ಹೋಲಿಸಿದ್ರೆ ಒಂದ್ರಲ್ಲಿ ಶ್ರಾವಣದ ಜೋರು, ಇನ್ನೊಂದ್ರಲ್ಲಿ ಮೊದಲ ಹನ್ನೆರಡು ದಿನ ಖಾಲಿ. ಡಲ್ ಆಯ್ತು ಅಂತ ಬಾಯಿ ಬಡ್ಕೊಳ್ಳೋಕೆ ಮುಂಚೆ ಕ್ಯಾಲೆಂಡರ್ ನೋಡ್ರಿ. ಅಧಿಕ ಮಾಸದಲ್ಲೂ ಶುಭಕಾರ್ಯಕ್ಕೆ ಕೈಹಾಕೋರು ಕಮ್ಮಿ, ಹಂಗಾಗಿ 2026ರ ಮೇ-ಜೂನ್‌ನ 2025ರ ಮೇ-ಜೂನ್ ಜೊತೆ ನೇರವಾಗಿ ಇಟ್ಟು ನೋಡೋದೂ ತಪ್ಪು. ಯುಗಾದಿನೇ ನೋಡ್ರಿ, 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19.

ಇದಕ್ಕೆ ಉಪಾಯ ಸಿಂಪಲ್. ಶೀಟಲ್ಲಿ ಒಂದು ಕಾಲಂ ಹೆಚ್ಚಿಗೆ ಹಾಕಿ, ಆ ಇಂಗ್ಲಿಷ್ ತಿಂಗಳಲ್ಲಿ ಜನ 'ಬ್ಯಾಡ' ಅನ್ನೋ ದಿನ ಎಷ್ಟು ಬಂದ್ವು ಅಂತ ಬರೀರಿ. ಆ ತಿಂಗಳ ಸಂಖ್ಯೆನ ಉಳಿದ ದಿನಕ್ಕೆ ಭಾಗಿಸಿದ್ರೆ ದಿನಕ್ಕೆಷ್ಟು ಅಂತ ಸಿಗುತ್ತೆ, ಹೋಲಿಕೆ ಅದ್ರಲ್ಲಿ ಮಾಡ್ರಿ. ಪಾಯ ತೋಡೋದಕ್ಕೆ ಇದು ಚೆನ್ನಾಗಿ ಕೂರುತ್ತೆ, ಪರ್ಮಿಷನ್‌ಗೆ ಅಷ್ಟಾಗಿ ಇಲ್ಲ, ಯಾಕಂದ್ರೆ ಆಷಾಢದಲ್ಲೇ ಫೈಲ್ ಓಡಿಸಿ ಶ್ರಾವಣಕ್ಕೆ ಪೂಜೆ ಇಟ್ಕೊಳ್ಳೋ ಜಾಣರೂ ಇದಾರೆ. ಎಲ್ಲಾ ಸಮುದಾಯದೋರೂ ಇದನ್ನ ನೋಡಲ್ಲ ಅನ್ನೋದೂ ನೆನಪಿರ್ಲಿ, ಕೌಲ್ ಬಜಾರ್ ಕಡೆ ರಂಜಾನ್ ತಿಂಗಳಲ್ಲಿ ಕೆಲಸದ ಹೊತ್ತೇ ಬದಲಾಗುತ್ತೆ.

ಇನ್ನು ಹವಾಮಾನ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟೋ ಊರಲ್ಲಿ ಸ್ಲ್ಯಾಬ್ ಹಾಕೋರು ನಸುಕಿಗೇ ಮಿಕ್ಸರ್ ಆನ್ ಮಾಡ್ತಾರೆ, ಮಧ್ಯಾಹ್ನ ಸೆಂಟ್ರಿಂಗ್ ಶೀಟ್ ಮುಟ್ಟೋಕಾಗಲ್ಲ, ಕ್ಯೂರಿಂಗಿಗೆ ಟ್ಯಾಂಕರ್ ನೀರು. ಕೆಲಸ ನಡೆಯುತ್ತೆ, ಆದ್ರೆ ನಿಧಾನ. ಮಳೆ ಬಿದ್ರೆ ಎರೆ ಭೂಮಿಯಲ್ಲಿ ಪಾಯ ತೋಡೋದು ಇನ್ನೊಂದು ಗೋಳು, ತೋಡಿದ ಗುಂಡಿ ಪಕ್ಕದಿಂದ ಕುಸಿಯುತ್ತೆ, ಟ್ರ್ಯಾಕ್ಟರ್ ಹೂತ್ಕೊಳ್ಳುತ್ತೆ, ಗಟ್ಟಿ ಗರಸು ಸಿಗೋವರೆಗೂ ಇಳೀಬೇಕು. ಗುಡ್ಡದ ಕಡೆ ಸೈಟ್ ಇದ್ರೆ ಈ ತಾಪತ್ರಯ ಇಲ್ಲ, ಅಲ್ಲಿ ಕಲ್ಲು ಒಡೆಯೋ ತಾಪತ್ರಯ. ಜನವರಿ ಆದ್ಮೇಲೆ ಸಿರುಗುಪ್ಪ, ಕುರುಗೋಡು ಕಡೆ ಮೆಣಸಿನಕಾಯಿ ಬಿಡಿಸೋ ಕೆಲಸ ಬಂದ್ರೆ ಹಳ್ಳಿಯಿಂದ ಬರೋ ಆಳುಗಳು ಕಮ್ಮಿ ಆಗ್ತಾರೆ. ಇದ್ಯಾವ್ದೂ ಪರವಾನಗಿ ಪಟ್ಟಿಯಲ್ಲಿ ಕಾಣಲ್ಲ.

ಸರ್ಕಾರದ ತಾರೀಕುಗಳನ್ನೂ ಗುರುತು ಹಾಕ್ರಿ

ಕೆಲವು ತಿಂಗಳು ಏರೋದು ಇಳಿಯೋದು ಜನರ ಆಸೆಯಿಂದಲ್ಲ, ಆದೇಶದಿಂದ. 2025ರ ಆಗಸ್ಟ್ 31ರಿಂದ ರಿಜಿಸ್ಟ್ರೇಷನ್ ಫೀ ಶೇ 1ರಿಂದ ಶೇ 2 ಆಯ್ತು, ಅದಕ್ಕೆ ಮುಂಚೆ ಮುಗಿಸ್ಕೊಳ್ಳೋಣ ಅಂತ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಓಡಿದ್ದು ಸೈಟ್ ಕೊಳ್ಳೋರು, ಮನೆ ಕಟ್ಟೋರಲ್ಲ. ಅದೇ ವರ್ಷ ಫೆಬ್ರುವರಿಯಿಂದ ಬಿ-ಖಾತಾ ಅಭಿಯಾನ (ಅನಧಿಕೃತ ಬಡಾವಣೆಯ ಆಸ್ತಿಗಳನ್ನ ಖಾತೆ ಪುಸ್ತಕಕ್ಕೆ ಸೇರಿಸೋದು) ನಡೀತು, ಖಾತೆ ನಂಬರ್ ಏರ್ತು ಅಂದ್ರೆ ಹಳೇ ಆಸ್ತಿ ಪುಸ್ತಕಕ್ಕೆ ಬಂತು ಅಂತ, ಹೊಸ ಗೋಡೆ ಎದ್ದಿಲ್ಲ.

ಸಿಮೆಂಟ್ ಕತೆ ಇನ್ನೂ ಮಜಾ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳೀತು. ಇಳಿಯುತ್ತೆ ಅಂತ ಗೊತ್ತಾಗಿದ್ದು ತಿಂಗಳ ಮೊದಲ ವಾರದಲ್ಲಿ, ಸೆಪ್ಟೆಂಬರ್ 21 ಮಹಾಲಯ ಅಮಾವಾಸ್ಯೆ, ಅದರ ಹಿಂದಿನ ಎರಡು ವಾರ ಪಿತೃಪಕ್ಷ. ಈಗ ಹೇಳ್ರಿ, ಆ ಎರಡು ವಾರ ಯಾರಾದ್ರೂ ಮೂಟೆ ತಗೊಳ್ಳೋದು ನಿಲ್ಲಿಸಿದ್ರೆ ಅದು ಜಿಎಸ್‌ಟಿಗೋ ಪಿತೃಗಳಿಗೋ? ಬಿಡಿಸಿ ಹೇಳೋಕೆ ಆಗಲ್ಲ. ಇಂಥ ತಿಂಗಳ ಮುಂದೆ ಎರಡೂ ಕಾರಣ ಬರೆದು ಬಿಡೋದೇ ಪ್ರಾಮಾಣಿಕ ಲೆಕ್ಕ.

ಓಸಿಗೂ ಹಿಂಗೇ ಒಂದು ತಾರೀಕೈತೆ. 2024ರ ಡಿಸೆಂಬರ್ 17ಕ್ಕೆ ಸುಪ್ರೀಂ ಕೋರ್ಟ್ ಓಸಿ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಕನೆಕ್ಷನ್ ಕೊಡಬಾರದು ಅಂತ ಹೇಳ್ತು. ಅದಾದ ಮೇಲೆ ಓಸಿ ಅರ್ಜಿ ಏರಿದ್ರೆ ಮನೆ ಬೇಗ ಬೇಗ ಮುಗೀತಿದಾವೆ ಅಂತ ಅರ್ಥ ಅಲ್ಲ, ಮೊದಲು ಓಸಿ ಕೇಳದೇ ಇದ್ದೋರು ಈಗ ಕೇಳ್ತಿದಾರೆ ಅಂತ.

ರೋಡಿಗೆ ಇಳೀರಿ

ಪೇಪರ್ ಲೆಕ್ಕ ಅರ್ಧ, ಉಳಿದರ್ಧ ಕಣ್ಣಿಂದ. ಊರಿನ ನಡುವೆ ಒಂದು, ಅಂಚಿನಲ್ಲಿ ಎರಡು ಬಡಾವಣೆ ಆರಿಸ್ಕೊಳ್ರಿ, ಸತ್ಯನಾರಾಯಣಪೇಟೆ ಒಂದು, ಸಂಗನಕಲ್ಲು ರೋಡ್ ಕಡೆ ಒಂದು, ಹೊಸಪೇಟೆ ರೋಡ್ ಕಡೆ ಒಂದು ಅಂದ್ಕೊಳ್ರಿ. ಪ್ರತಿ ತಿಂಗಳು ಅದೇ ಓಣಿ, ಅದೇ ದಾರಿ. ಪ್ರತಿ ಕಟ್ಟಡ ಯಾವ ಹಂತದಲ್ಲಿದೆ ಅಂತ ಗುರುತು ಹಾಕ್ರಿ: ಪಾಯ, ಪ್ಲಿಂತ್ (ಪಾಯದ ಮೇಲಿನ ನೆಲಮಟ್ಟದ ಕಟ್ಟೆ), ಲಿಂಟಲ್ (ಬಾಗಿಲು-ಕಿಟಕಿ ಮೇಲಿನ ತೊಲೆ), ಸ್ಲ್ಯಾಬ್, ಪ್ಲಾಸ್ಟರ್, ಸುಣ್ಣಬಣ್ಣ. ಬ್ಯಾಂಕಿನೋರು ಲೋನ್ ಕಂತು ಬಿಡೋದೂ ಹೆಚ್ಚುಕಮ್ಮಿ ಇದೇ ಹಂತದಲ್ಲೇ. ಹೋದ ತಿಂಗಳು ಲಿಂಟಲ್‌ನಲ್ಲಿದ್ದದ್ದು ಈ ತಿಂಗಳೂ ಅಲ್ಲೇ ಇದ್ರೆ, ಕಂಬಿ ತುದಿ ತುಕ್ಕು ಹಿಡಿದಿದ್ರೆ, ಒಳಗೆ ಕಳೆ ಬೆಳೆದಿದ್ರೆ ಅದನ್ನ 'ನಿಂತಿದೆ' ಸಾಲಿಗೆ ಹಾಕ್ರಿ. ನನ್ನ ಕೇಳಿದ್ರೆ ಇಡೀ ಶೀಟಲ್ಲಿ ಅತೀ ಬೆಲೆ ಇರೋ ನಂಬರ್ ಈ ನಿಂತ ಕಟ್ಟಡಗಳದ್ದೇ, ಊರಲ್ಲಿ ದುಡ್ಡು ಓಡಾಡ್ತಿಲ್ಲ ಅನ್ನೋದು ಪರ್ಮಿಷನ್ ಪಟ್ಟಿಗಿಂತ ಮೊದ್ಲು ಇಲ್ಲಿ ಕಾಣುತ್ತೆ.

ಪರವಾನಗಿ ಇಲ್ಲದೆ ಎದ್ದಿರೋದು, ಒಂದು ಅಂತಸ್ತಿಗೆ ತಗೊಂಡು ಮೂರು ಏರಿಸಿರೋದು ಇವೂ ಸುತ್ತುವಾಗ ಮಾತ್ರ ಗೊತ್ತಾಗೋದು. ಲೆಕ್ಕಕ್ಕೆ ಬರ್ಕೊಳ್ರಿ, ಫೋಟೋ ತೆಗೆದು ಯಾರನ್ನೋ ಸಿಕ್ಕಿಸೋ ಕೆಲಸ ನಮ್ಮದಲ್ಲ.

ನಮ್ಮ ಕರೆಂಟ್ ಕಂಪನಿ ಜೆಸ್ಕಾಂನಲ್ಲಿ ಕಟ್ಟಡ ಕೆಲಸಕ್ಕೆ ಕೊಟ್ಟ ಟೆಂಪರರಿ ಮೀಟರ್ ಎಷ್ಟು ಅಂತ ಇನ್ನೊಂದು ಆರ್‌ಟಿಐ ಹಾಕಿದ್ರೆ ಕೆಲಸ ಶುರು ಆಗಿದ್ದರ ಸುಳಿವು ಸಿಗುತ್ತೆ, ಪಕ್ಕದ ಮನೆಯಿಂದ ವೈರ್ ಎಳ್ಕೊಂಡೋರು ಇದ್ರಲ್ಲಿ ಬರಲ್ಲ. ದೊಡ್ಡ ಪ್ರಾಜೆಕ್ಟ್‌ಗಳಿಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ವೆಬ್‌ಸೈಟ್ ನೋಡ್ರಿ, 500 ಚದರ ಮೀಟರ್‌ಗಿಂತ ದೊಡ್ಡ ಜಾಗ ಅಥವಾ 8ಕ್ಕಿಂತ ಹೆಚ್ಚು ಫ್ಲ್ಯಾಟ್ ಇದ್ರೆ ನೋಂದಣಿ ಕಡ್ಡಾಯ, ಮೂರು ತಿಂಗಳಿಗೊಮ್ಮೆ ಕೆಲಸ ಎಲ್ಲಿಗೆ ಬಂತು ಅಂತ ಬಿಲ್ಡರೇ ಅಲ್ಲಿ ಹಾಕ್ಬೇಕು.

ಸಿಮೆಂಟ್ ಅಂಗಡಿಯೋರ ಹತ್ರನೂ ಕೂತು ಮಾತಾಡ್ರಿ. ಚದರಡಿಗೆ ಸುಮಾರು 0.4 ಮೂಟೆ ಅನ್ನೋದು ಮೇಸ್ತ್ರಿಗಳ ಬಾಯಿಲೆಕ್ಕ, 1200 ಅಡಿ ಮನೆಗೆ 480 ಮೂಟೆ. ಹೋದ ಆರು ತಿಂಗಳಲ್ಲಿ ಪರ್ಮಿಷನ್ ಸಿಕ್ಕ ವಿಸ್ತೀರ್ಣಕ್ಕೆ ಈ ಲೆಕ್ಕ ಹಾಕಿ, ಅಂಗಡಿಯೋರು ಹೇಳೋ ಏರಿಳಿತದ ಪಕ್ಕ ಇಟ್ಟು ನೋಡ್ರಿ. ಪರ್ಮಿಷನ್ ಏರಿ ಮೂಟೆ ಏರದಿದ್ರೆ ಜನ ಕಾಯ್ತಿದಾರೆ. ಮೂಟೆ ಏರಿ ಪರ್ಮಿಷನ್ ಏರದಿದ್ರೆ ಕೆಲಸ ಪಂಚಾಯ್ತಿ ಕಡೆಯೋ, ಪರವಾನಗಿ ಇಲ್ಲದ ಕಡೆಯೋ, ಸರ್ಕಾರಿ ರಸ್ತೆ-ಚರಂಡಿ ಕಡೆಯೋ ನಡೀತೈತೆ. ಮೂಟೆ ಎಷ್ಟು ಅಂತ ನೇರ ಕೇಳಿದ್ರೆ ಯಾರೂ ಹೇಳಲ್ಲ, 'ಹೋದ ತಿಂಗಳಿಗಿಂತ ಹೆಂಗಣ್ಣ?' ಅಂತ ಕೇಳ್ರಿ, ಟೀ ಬರೋದ್ರೊಳಗೆ ಎಲ್ಲಾ ಹೇಳ್ತಾರೆ.

ಇಷ್ಟೆಲ್ಲಾ ಆದ್ಮೇಲೆ ತಿಂಗಳ ಕೊನೆಗೆ ಒಂದೇ ವಾಕ್ಯ ಬರೀರಿ, ಉದಾಹರಣೆಗೆ 'ಮನೆಗಳ ಅರ್ಜಿ ಮೂರು ತಿಂಗಳ ಸರಾಸರಿಯಲ್ಲಿ ಸ್ವಲ್ಪ ಏರಿದೆ, ಪಾಯ ತೋಡಿದ್ದು ಆಷಾಢ ಕಳೆದು ನೋಡಿದ್ರೂ ಹೋದ ವರ್ಷದಷ್ಟೇ, ನಿಂತ ಕಟ್ಟಡ ಎರಡು ಹೆಚ್ಚು'. ಹಳೇ ಅಂಕಿ ಆಮೇಲೆ ಬದಲಾಗ್ತಾವೆ, ತಡವಾಗಿ ಅಪ್‌ಲೋಡ್ ಆದ ಫೈಲು, ರದ್ದಾದ ಪರವಾನಗಿ ಎಲ್ಲಾ ಸೇರಿ. ಹಳೇದನ್ನ ಅಳಿಸ್ಬ್ಯಾಡ್ರಿ, ಪಕ್ಕದ ಕಾಲಂನಲ್ಲಿ ಹೊಸ ಅಂಕಿ ಹಾಕಿ ತಿದ್ದಿದ ತಾರೀಕು ಬರೀರಿ.